ಸೇತುವೆಯ ಕೆಳಗೆ ಎರಡು ನಿಮಿಷ

ಗಣೇಶನ ಹಬ್ಬದ ಕಾರ್ಯಕ್ರಮ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಕಾಕಾ ಅವರ ಬಲಗಣ್ಣಿನ ಸುತ್ತ ಒಂದು ಕೆಂಪು ಉಂಗುರ ಮೂಡಿರುತ್ತಿತ್ತು. ಮೂರು ಗಂಟೆ ಕಾಲ ಕ್ಯಾಮೆರಾದ ರಬ್ಬರಿನ ಬಟ್ಟಲಿಗೆ ಕಣ್ಣೊತ್ತಿ ನಿಂತ ಗುರುತು ಅದು. ಚಿಕ್ಕ ಮಕ್ಕಳು ಅವರೆದುರು ತಟ್ಟೆ ಹಿಡಿದು ಕೂತು, ಆ ಉಂಗುರ ಯಾವಾಗ ಮಾಯವಾಗುತ್ತದೆಂದು ಕಾಯುತ್ತಿದ್ದರು. ಸಾರನ್ನದ ಹೊತ್ತಿಗೆ ಅದು ಅರ್ಧ ಅಳಿದಿರುತ್ತಿತ್ತು. ಪಾಯಸ ಬರುವಷ್ಟರಲ್ಲಿ ಕಣ್ಣು ಎಂದಿನ ಕಣ್ಣಾಗಿ, ಮಕ್ಕಳು ನಿರಾಸೆಯಿಂದ ಎದ್ದು ಹೋಗುತ್ತಿದ್ದರು.

ಅವರು ಗದಗಿನ ಕಡೆಯವರು, ನಾವು ತುಮಕೂರಿನವರು. ನಮ್ಮ ಮನೆಮಾತಿನಲ್ಲಿ ಚಿಕ್ಕಪ್ಪನಿಗೆ ಕಾಕಾ ಎಂಬ ಶಬ್ದವೇ ಇರಲಿಲ್ಲ. ನಾನು ಹನ್ನೆರಡು ವರ್ಷದವಳಿದ್ದಾಗ ನಾವು ಅಮೆರಿಕದ ಪಶ್ಚಿಮ ತುದಿಯ ನ್ಯೂಕ್ಯಾಸಲ್ ಎಂಬ ಊರಿನಲ್ಲಿ ಗುಡ್ಡದ ಮೇಲಿನ ಒಂದು ಅಪಾರ್ಟ್‌ಮೆಂಟಿಗೆ ಬಂದಿಳಿದೆವು. ಮೇಲಿನ ಮನೆ ನಮ್ಮದು, ಕೆಳಗಿನದು ಅವರದು. ಮೂರನೆಯ ದಿನವೇ ಬಾಗಿಲು ಬಡಿದ ಸದ್ದಾಯಿತು. ನನ್ನ ತಮ್ಮ ಇಡೀ ಮಧ್ಯಾಹ್ನ ಸೋಫಾದಿಂದ ನೆಲಕ್ಕೆ ಹಾರುತ್ತಿದ್ದ. ಕೆಳಗಿನವರು ದೂರು ಹೇಳಲು ಬಂದರೆಂದು ಅಮ್ಮ ಹೆದರಿಕೊಂಡೇ ಬಾಗಿಲು ತೆಗೆದರು. ಹೊರಗೆ ಎತ್ತರದ, ತೆಳ್ಳಗಿನ ಮನುಷ್ಯರೊಬ್ಬರು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು.

"ಮ್ಯಾಲ ಕುಣಿಯೋ ಸಪ್ಪಳ ಕೇಳಿತ್ರೀ. ಹುಡುಗ್ರು ಬಂದಾವ ಅಂತ ಗೊತ್ತಾತು. ಶೇಂಗಾ ಚಟ್ನಿಪುಡಿ. ಖಾರ ಭಾಳಿಲ್ಲ" ಎಂದರು.

ಅವರ ಹೆಂಡತಿ ಕಾಕು, ಅವರು ಕಾಕಾ. ಹಾಗೆ ಕರೆಯಬೇಕೆಂದು ಕಾಕು ಅವರೇ ಹೇಳಿಕೊಟ್ಟದ್ದು. ಅವರಿಗೆ ಮಕ್ಕಳಿರಲಿಲ್ಲ. ಆದರೆ ಆ ಊರಿನಲ್ಲಿ ಅವರನ್ನು ಕಾಕಾ ಎನ್ನದ ಕನ್ನಡದ ಮಗುವೂ ಇರಲಿಲ್ಲ. ಇಂಗ್ಲಿಷಿನಲ್ಲಿ ಮಾತನಾಡಿಸಿದ ಮಕ್ಕಳನ್ನು ಅವರು ಬೈಯುತ್ತಿರಲಿಲ್ಲ. ನನ್ನ ತಮ್ಮ ಹೋಳಿಗೆಯ ತಟ್ಟೆ ನೋಡುತ್ತ "ಕ್ಯಾನ್ ಐ ಹ್ಯಾವ್ ಒನ್ ಮೋರ್?" ಅಂದರೆ, "ಇನ್ನೊಂದು ಅನ್ನು, ಎರಡು ಕೊಡ್ತೀನಿ" ಅನ್ನುತ್ತಿದ್ದರು. ನನ್ನ ತಮ್ಮನಿಗೆ ಇವತ್ತಿಗೂ ತಡವರಿಸದೆ ಬರುವ ಕನ್ನಡ ಶಬ್ದವೆಂದರೆ 'ಇನ್ನೊಂದು'.

ಅವರು ಸಿವಿಲ್ ಇಂಜಿನಿಯರು. ಹಳೆಯ ಸೇತುವೆಗಳು ಭೂಕಂಪ ತಡೆಯುತ್ತವೋ ಇಲ್ಲವೋ ನೋಡಿ, ಅವುಗಳ ಕಂಬಗಳನ್ನು ಗಟ್ಟಿ ಮಾಡಿಸುವ ಕೆಲಸ. ವಾರವೆಲ್ಲ ಸೇತುವೆ, ಶನಿವಾರ-ಭಾನುವಾರ ಕ್ಯಾಮೆರಾ. ನಾಮಕರಣ, ಸತ್ಯನಾರಾಯಣ ಪೂಜೆ, ಕನ್ನಡ ಸಂಘದ ನಾಟಕ, ಯಾರದೇ ಆಗಲಿ, ಅಂಗೈಯಗಲದ ಕ್ಯಾಮೆರಾ ಹಿಡಿದು ಅವರು ಮೂಲೆಯಲ್ಲಿ ನಿಂತಿರುತ್ತಿದ್ದರು. ಅದರೊಳಗಿನ ಸಣ್ಣ ಟೇಪುಗಳ ಮೇಲೆ ಮುತ್ತಿನಂಥ ಕನ್ನಡ ಅಕ್ಷರಗಳಲ್ಲಿ ಬರೆದಿಡುತ್ತಿದ್ದರು: 'ಮೇಲಿನ ಮನೆ ಹುಡುಗನ ಹುಟ್ಟುಹಬ್ಬ, ಕೇಕು ಬಿದ್ದದ್ದು.' ಅವರಿಗೆ ಕೆಲವು ನಿಯಮಗಳಿದ್ದವು. ಊಟ ಮಾಡುವವರನ್ನು ತೆಗೆಯುತ್ತಿರಲಿಲ್ಲ. "ಉಣ್ಣೋರ ಬಾಯಿ ತಗೀಬಾರದು. ಅದು ಅವರಿಗೂ ಅನ್ನಕ್ಕೂ ನಡುವಿನ ಮಾತು." ಅಳುವ ಮಕ್ಕಳನ್ನು ಮಾತ್ರ ಬಿಡದೆ ತೆಗೆಯುತ್ತಿದ್ದರು. "ಮುಂದ ಇವರ ಲಗ್ನದಾಗ ತೋರಸ್ಲಿಕ್ಕೆ ಬೇಕಾಗ್ತದ."

ಹನ್ನೊಂದನೆಯ ತರಗತಿಯಲ್ಲಿ ನಾನು ಸಿನಿಮಾ ಕ್ಲಾಸು ತೆಗೆದುಕೊಂಡೆ. ಅದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಕೆಮಿಸ್ಟ್ರಿಗಿಂತ ಸುಲಭವೆಂದು ಯಾರೋ ಹೇಳಿದ್ದರು. ವರ್ಷದ ನಡುವೆ ಟೀಚರ್ ಒಂದು ಕೆಲಸ ಕೊಟ್ಟರು: ಮೂವರ ಗುಂಪು ಮಾಡಿಕೊಂಡು ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ತೆಗೆಯಬೇಕು. ಹೆಸರುಗಳು ತೆರೆಯ ಮೇಲೆ ಬರುವ ಭಾಗ. ಮುಂದಿನ ಸಿನಿಮಾ ಬೇಕಿಲ್ಲ, ಆದರೆ ನೋಡಿದವರಿಗೆ ಅದು ಬೇಕೆನಿಸಬೇಕು. ಕೊನೆಗೆ ಏನು ಕಲಿತೆವೆಂದು ಎರಡು ಪುಟದ ವಿಮರ್ಶೆ ಬರೆಯಬೇಕು. ನನ್ನ ಗುಂಪಿನಲ್ಲಿದ್ದವರು ಕೊರಿಯಾ ಮೂಲದ ಗ್ರೇಸ್ ಮತ್ತು ಮಾತು ಕಡಿಮೆಯ ಟೈಲರ್. ಶಾಲೆಯ ಕ್ಯಾಮೆರಾಗಳು ಬೇರೆ ಗುಂಪುಗಳ ಪಾಲಾಗಿದ್ದವು.

"ಕೆಳಗಡೆ ಕಾಕಾನ ಕೇಳು. ಆದ್ರೆ ಜಾಸ್ತಿ ತೊಂದ್ರೆ ಕೊಡ್ಬೇಡ, ಅವರಿಗೂ ವೀಕೆಂಡ್ ಒಂದೇ ರಜ" ಎಂದರು ಅಮ್ಮ.

ಕಾಕಾ ಎಲ್ಲವನ್ನೂ ಕೇಳಿಸಿಕೊಂಡರು. "ಕಥಿ ಏನು?"

"ಕಥೆ ಇಲ್ಲ ಕಾಕಾ. ಓಪನಿಂಗ್ ಅಷ್ಟೇ."

"ಕೊಲಿ ಮಾಡಿದವರು ಯಾರು?"

"ಅದು ಬೇಕಾಗಿಲ್ಲ."

"ಸತ್ತವರು?"

"ಅದೂ ಇಲ್ಲ."

ಅವರು ಜೋರಾಗಿ ನಕ್ಕರು. "ಏ ಇಲ್ಲಿ ಕೇಳು" ಎಂದು ಕಾಕುವನ್ನು ಕರೆದರು. "ಲಗ್ನ ಇಲ್ಲದ ಲಗ್ನಪತ್ರಿಕಿ ಮಾಡತಾರಂತ ಇವರು!"

ಆದರೆ ಆ ಲಗ್ನಪತ್ರಿಕೆಯನ್ನು ಅವರು ನಮಗಿಂತ ಗಂಭೀರವಾಗಿ ತೆಗೆದುಕೊಂಡರು. ಎರಡು ವಾರ ಸಂಜೆ ಸಂಜೆ ನನ್ನನ್ನು ಕೂರಿಸಿಕೊಂಡು ಕಲಿಸಿದರು. ಮೊದಲ ದಿನ ಕ್ಯಾಮೆರಾವನ್ನು ಕೈಗೇ ಕೊಡಲಿಲ್ಲ. ಕಿಟಕಿಯ ಮುಂದೆ ನಿಲ್ಲಿಸಿ, ಕಾರು ನಿಲ್ಲಿಸುವ ಜಾಗವನ್ನು ನೋಡು ಎಂದರು. ನೋಡಿದೆ. ಮೂರು ಕಾರು, ಒಂದು ಕಸದ ತೊಟ್ಟಿ, ಒಂದು ಮರ.

"ಹತ್ತು ಎಣಿಸು. ಹತ್ತು ಎಣಸೋದ್ರೊಳಗ ಹೊಸಾದೇನರ ಕಾಣಬೇಕು. ಕಾಣಲಿಲ್ಲಂದ್ರ ಗುಂಡಿ ಒತ್ತಬ್ಯಾಡ."

ಏಳನೆಯ ಎಣಿಕೆಗೆ ಕಸದ ತೊಟ್ಟಿಯ ಮುಚ್ಚಳದ ಮೇಲೆ ಯಾರೋ ಒಂದು ಜೊತೆ ಮಗುವಿನ ಬೂಟು ಇಟ್ಟು ಹೋಗಿದ್ದು ಕಂಡಿತು. ಎಸೆಯಲು ಮನಸ್ಸಾಗದೆ ಇಟ್ಟಂತೆ ನೀಟಾಗಿ ಇಟ್ಟಿದ್ದರು. ಹೇಳಿದೆ. "ಹಾಂ, ಈಗ ಕಥಿ ಬಂತು ನೋಡು" ಎಂದು ಕ್ಯಾಮೆರಾ ಕೈಗಿಟ್ಟರು.

ಜಾಗವನ್ನೂ ಅವರೇ ಹುಡುಕಿದರು. ಸರೋವರದ ಕಡೆ ಇಳಿಯುವ ರಸ್ತೆಯಲ್ಲಿ ಒಂದು ಹಳೆಯ ಸೇತುವೆ. ಕೆಳಗೆ ನಡೆಯುವ ದಾರಿ, ಪಕ್ಕದಲ್ಲಿ ತೊರೆ. ಕೆಂಪು ಸೂಟ್‌ಕೇಸು ಹಿಡಿದ ಗ್ರೇಸ್ ಕಂಬಗಳ ನಡುವೆ ಓಡಿ ಬರುವುದು, ಸೂಟ್‌ಕೇಸನ್ನು ಒಂದು ಕಂಬದ ಬುಡದಲ್ಲಿಟ್ಟು ಮಾಯವಾಗುವುದು, ಇಷ್ಟೇ ನಮ್ಮ ಸಿನಿಮಾ. ಹೆಸರುಗಳು ಬರುವಾಗ ಹಿನ್ನೆಲೆಯಲ್ಲಿ ಕಂಬದ ಬುಡದಿಂದ ತುದಿಯವರೆಗೆ ಕ್ಯಾಮೆರಾ ನಿಧಾನವಾಗಿ ಏರಬೇಕು. ಅಷ್ಟು ನಿಧಾನವಾಗಿ ತಿರುಗಿಸುವುದು ನಮ್ಮ ಮೂವರಿಗೂ ಬರುತ್ತಿರಲಿಲ್ಲ. ಆ ಒಂದು ದೃಶ್ಯವನ್ನು ಅವರೇ ತೆಗೆದುಕೊಡುವುದೆಂದು ಮಾತಾಯಿತು.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಆ ಊರಿನ ಎಂದಿನ ಜಿಟಿಜಿಟಿ. ಕಾಕಾ ಮಂಕಿ ಕ್ಯಾಪು ಹಾಕಿಕೊಂಡು, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿಕೊಂಡು ಬಂದಿದ್ದರು. ಕ್ಯಾಮೆರಾಗೆ ಮಳೆ ತಾಗದಿರಲೆಂದು ಕಾಕು ಹಳೆಯ ಹೂವಿನ ಛತ್ರಿಯ ಬಟ್ಟೆ ಕತ್ತರಿಸಿ ಒಂದು ಕುಲಾವಿ ಹೊಲಿದುಕೊಟ್ಟಿದ್ದರು. ಅದನ್ನು ನೋಡಿ ಟೈಲರ್ ನಕ್ಕ. ಕೆಟ್ಟ ನಗುವೇನಲ್ಲ. ಆದರೂ ನನ್ನ ಮುಖ ಬಿಸಿಯಾಯಿತು. ಗೆಳೆಯರಿಗೆ ಅವರನ್ನು ಸರಿಯಾಗಿ ಪರಿಚಯವನ್ನೂ ಮಾಡಿಕೊಡಲಿಲ್ಲ. "ಕ್ಯಾಮೆರಾ ಇವರದು" ಎಂದಷ್ಟೇ ಹೇಳಿದೆ.

ಕಾಕಾಗೆ ಅದರ ಪರಿವೆಯಿರಲಿಲ್ಲ. ಅವರು ಆ ಸೇತುವೆಯ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ತಂಗಿ, ಈ ಕಂಬದ ಸುತ್ತ ಉಕ್ಕಿನ ಹಾಳಿ ಅದ ನೋಡು. ಇದಕ್ಕ ಅಂಗಿ ತೊಡಿಸಿದವರಾಗ ನಾನೂ ಒಬ್ಬಾಂವ. ಇದರ ಲೆಕ್ಕಾ ನಾ ಮಾಡೀನಿ" ಎಂದು ಮೆಲ್ಲಗೆ ಹೇಳಿದರು. ಸ್ವಂತ ಕೂಸಿಗೆ ಬಟ್ಟೆ ತೊಡಿಸಿದವರ ದನಿ. ನಾನು ಹೂಂ ಎಂದು ಗ್ರೇಸ್‌ಳ ಕಡೆ ಓಡಿದೆ.

ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ದೃಶ್ಯಗಳು ಮುಗಿದವು. ಕಾಕು ಕಟ್ಟಿಕೊಟ್ಟ ರೊಟ್ಟಿಗೆ ಚಟ್ನಿಪುಡಿ, ಬೆಣ್ಣೆ ಹಚ್ಚಿ ಸುತ್ತಿ ಮೂವರ ಕೈಗೂ ಕೊಟ್ಟು, "ಕಾರಿನ್ಯಾಗ ಕುಂತು ತಿನ್ರಿ, ನಾ ಆ ಕಂಬದ್ದು ತಗದು ಬರ್ತೀನಿ" ಎಂದು ಕಾಕಾ ಒಬ್ಬರೇ ಸೇತುವೆಯ ಕೆಳಗೆ ಹೋದರು. ಟೈಲರ್ ಎರಡನೆಯ ರೊಟ್ಟಿ ಕೇಳಿದ.

ಅವರು ಎಷ್ಟೋ ಹೊತ್ತಾದರೂ ಬರಲಿಲ್ಲ. ಆಮೇಲೆ ರಸ್ತೆಯ ಮೇಲೆ ಒಂದು ಪೊಲೀಸ್ ಕಾರು ನಿಂತಿತು. ಅದರ ಹಿಂದೆ ಇನ್ನೊಂದು.

ನಾವು ಇಳಿದು ಓಡಿದೆವು. ಕಾಕಾ ಸೇತುವೆಯ ಅಂಚಿನ ಕಂಬಕ್ಕೆ ಬೆನ್ನು ಮಾಡಿ, ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸುತ್ತ ನಿಂತಿದ್ದರು. ಮಂಕಿ ಕ್ಯಾಪು ತೆಗೆಸಿದ್ದರು. ಇದ್ದ ನಾಲ್ಕು ಕೂದಲು ಮಳೆಗೆ ತಲೆಗಂಟಿದ್ದವು. ದೂರದಲ್ಲಿ ಒಬ್ಬ ಹೆಂಗಸು ನಾಯಿಯ ಹಗ್ಗ ಹಿಡಿದು ನಿಂತು ನೋಡುತ್ತಿದ್ದಳು. ಯಾರೋ ಒಬ್ಬ ಗಂಡಸು ಬಹಳ ಹೊತ್ತಿನಿಂದ ಸೇತುವೆಯ ಕಂಬಗಳನ್ನು ವಿಡಿಯೋ ತೆಗೆಯುತ್ತಿದ್ದಾನೆಂದು ಫೋನು ಮಾಡಿದ್ದವಳು ಅವಳೇ. ಅವಳಿ ಗೋಪುರಗಳು ಉರುಳಿದ ಮೇಲಿನ ಆ ವರ್ಷಗಳು ಹಾಗಿದ್ದವು. ನಮ್ಮ ಬಣ್ಣದ ಗಂಡಸರು ವಿಮಾನ ನಿಲ್ದಾಣಕ್ಕೆ ಹೋಗುವ ಮುಂಚೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಕಾಲ ಅದು.

ಇಬ್ಬರು ಪೊಲೀಸರಲ್ಲಿ ಒಬ್ಬನು ನನ್ನ ಹತ್ತಿರ ಬಂದ. ಒರಟನೇನಲ್ಲ, ಸೌಮ್ಯವಾಗಿಯೇ ಕೇಳಿದ. "ಈತ ನಿನ್ನ ತಂದೆಯೇ?"

"ಅಲ್ಲ."

"ಸಂಬಂಧಿಕರೇ?"

"ಅಲ್ಲ."

"ಮತ್ತೆ ನಿನಗೆ ಹೇಗೆ ಗೊತ್ತು?"

ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಏನಿತ್ತೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಭಯವಿತ್ತು, ನಿಜ. ಆದರೆ ಭಯವೊಂದೇ ಅಲ್ಲ. ಟೈಲರ್ ನೋಡುತ್ತಿದ್ದ, ಗ್ರೇಸ್ ನೋಡುತ್ತಿದ್ದಳು, ನಾಯಿಯ ಹೆಂಗಸು ನೋಡುತ್ತಿದ್ದಳು. ಆ ಹೂವಿನ ಕುಲಾವಿಯ ಕ್ಯಾಮೆರಾದ ಪಕ್ಕದಲ್ಲಿ, ಸಾಕ್ಸಿಗೆ ಪ್ಯಾಂಟು ತುರುಕಿಕೊಂಡು ನಿಂತ ಮನುಷ್ಯನ ಜೊತೆ ನಾನು ಸೇರಿದವಳಲ್ಲ ಎಂದು ಎಲ್ಲರಿಗೂ ತೋರಿಸಬೇಕಿತ್ತು.

"ಅಷ್ಟಾಗಿ ಗೊತ್ತಿಲ್ಲ. ಅವರು ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಬಂದರು, ಅಷ್ಟೇ" ಎಂದೆ.

ಪೊಲೀಸಿನವನ ಹುಬ್ಬು ಗಂಟಾಯಿತು. ನಾವು ಬರುವುದಕ್ಕೆ ಮೊದಲೇ ಕಾಕಾ ಅವನಿಗೆ, ಮನೆಮಗಳಂಥ ಹುಡುಗಿಯ ಶಾಲೆಯ ಕೆಲಸಕ್ಕೆ ಸಹಾಯ ಮಾಡುತ್ತಿದ್ದೇನೆ, ಆಕೆ ಅಲ್ಲಿ ಕಾರಿನಲ್ಲಿದ್ದಾಳೆ, ಕೇಳಿ ನೋಡಿ ಎಂದಿದ್ದರಂತೆ. ಕೇಳಿದ್ದಾಯಿತು. ಎರಡು ಮಾತು ಕೂಡಲಿಲ್ಲ. ಅವನು ಕಾಕಾ ಅವರನ್ನು ತಮ್ಮ ಕಾರಿನ ಬಳಿಗೆ ನಡೆಸಿಕೊಂಡು ಹೋಗಿ, ಪರ್ಸು, ಲೈಸೆನ್ಸು, ವೀಸಾದ ವಿವರ ಎಲ್ಲ ತೆಗೆಸಿದ. ಇನ್ನೊಬ್ಬ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಟೇಪು ಹಾಕಿ ನೋಡಿದ. ಮೊದಲು ಬಾಲ್ಕನಿಯಲ್ಲಿ ಕೊತ್ತಂಬರಿ ಸೋಸುತ್ತಿರುವ ಕಾಕು. ಆಮೇಲೆ ಓಡುವ ಗ್ರೇಸ್. ಆಮೇಲೆ ನಾಲ್ಕು ನಿಮಿಷ ಬರೀ ಕಂಬ.

"ಬರೀ ಕಂಬವನ್ನು ಯಾಕೆ ಇಷ್ಟು ಹೊತ್ತು ತೆಗೆದಿದ್ದಾನೆ?" ಎಂದು ಕೇಳಿದ.

ಅದರ ಉತ್ತರ ನನಗೆ ಗೊತ್ತಿತ್ತು. ಹೇಳಿದವಳು ಗ್ರೇಸ್. "ಅದರ ಮೇಲೆ ನಮ್ಮ ಹೆಸರುಗಳು ಬರುತ್ತವೆ. ಹಾಗೆ ತೆಗೆಯಿರಿ ಎಂದು ನಾವೇ ಕೇಳಿಕೊಂಡಿದ್ದು. ಅವರು ಬೆಳಿಗ್ಗೆಯಿಂದ ನಮಗೆ ಸಹಾಯ ಮಾಡುತ್ತಿದ್ದಾರೆ" ಎಂದಳು. ಆ ದಿನವಷ್ಟೇ ಅವರನ್ನು ಕಂಡವಳು, ಅವರ ಹೆಸರು ಕೂಡ ಗೊತ್ತಿಲ್ಲದವಳು.

ಮುಕ್ಕಾಲು ಗಂಟೆ ಕಾಕಾ ಮಳೆಯಲ್ಲಿ ನಿಂತರು. ಆಮೇಲೆ ಬಿಟ್ಟರು. ಟೇಪನ್ನೂ ಹಿಂದಿರುಗಿಸಿದರು. ಕಾರಿನಲ್ಲಿ ಕಾಕಾ ಹೀಟರು ಜೋರು ಮಾಡಿ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಮಾತು: "ನಿಮ್ಮಲ್ಲಿ ಯಾರಿಗಾದರೂ ಚಳಿಯಾಗುತ್ತಿದೆಯೇ?"

ಮನೆಗೆ ಬಂದಾಗ ಅಮ್ಮ ಗಾಬರಿಯಿಂದ ಏನಾಯಿತೆಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಕಾಕಾ ಹೇಳಿದರು: "ಏನಿಲ್ರೀ, ಪೊಲೀಸರು ಬಂದು ಎರಡು ಮಾತು ಕೇಳಿದ್ರು. ತಂಗಿ ಅಂಜಲಿಲ್ಲ. ಭಾಳ ಧೈರ್ಯದಾಕಿ." ನಾನು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅದು ಅಲ್ಲಿಗೇ ಮುಗಿಯಲಿಲ್ಲ. ಹತ್ತು ದಿನದ ಮೇಲೆ ಸಾದಾ ಬಟ್ಟೆಯ ಇಬ್ಬರು ಅಧಿಕಾರಿಗಳು ಕೆಳಗಿನ ಮನೆಗೆ ಬಂದರು. ಒಂದು ಗಂಟೆ ಕೂತು, ಕೆಲಸ ಏನು, ಯಾವ ಯಾವ ಸೇತುವೆಗೆ ಹೋಗುತ್ತೀರಿ, ಯಾರಿಗೆ ಟೇಪು ಕೊಡುತ್ತೀರಿ ಎಂದೆಲ್ಲ ವಿನಯದಿಂದಲೇ ಕೇಳಿ ಹೋದರಂತೆ. ಮರುದಿನ ಕಾಕು ನಮ್ಮ ಅಡಿಗೆಮನೆಯಲ್ಲಿ ಕೂತು ಅಮ್ಮನಿಗೆ ಹೇಳಿದರು: "ಚಾ ಕೊಟ್ರ ಬ್ಯಾಡಂದ್ರು ರೀ. ನೀರೂ ಕುಡೀಲಿಲ್ಲ. ನಮ್ಮ ಮನ್ಯಾಗ ನೀರೂ ಕುಡೀದ ಹೋದವರು ಯಾರೂ ಇದ್ದಿಲ್ಲ."

ಆವತ್ತಿನಿಂದ ಕ್ಯಾಮೆರಾ ಮನೆಯಿಂದ ಹೊರಗೆ ಬರಲಿಲ್ಲ. ಕಾಕು ಅದನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನೊಳಗೆ ಇಟ್ಟುಬಿಟ್ಟರು. ಆ ವರ್ಷದ ಯುಗಾದಿ ಕಾರ್ಯಕ್ರಮದಲ್ಲಿ ಕಾಕಾ ಕೈ ಖಾಲಿ ಬಿಟ್ಟುಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದವರಂತೆ ನಿಂತಿದ್ದರು. ಕೇಳಿದವರಿಗೆಲ್ಲ "ಬ್ಯಾಟರಿ ಕೆಟ್ಟದ" ಎನ್ನುತ್ತಿದ್ದರು.

ಇತ್ತ ನಮ್ಮ ಎರಡು ನಿಮಿಷದ ಸಿನಿಮಾ ಸಿದ್ಧವಾಯಿತು. ಶಾಲೆಯ ಕಂಪ್ಯೂಟರಿನಲ್ಲಿ ಹೆಸರುಗಳನ್ನು ಕೂರಿಸುತ್ತಿದ್ದಾಗ ಗ್ರೇಸ್ ಕೇಳಿದಳು, "ನಿಮ್ಮ ಅಂಕಲ್ ಹೆಸರು ಹೇಗೆ ಬರೆಯುವುದು?" ಅವರಿಗೆ ಅದೆಲ್ಲ ಇಷ್ಟವಾಗುವುದಿಲ್ಲ ಎಂದೆ. ಎರಡನೆಯ ಸುಳ್ಳು. ಮೂರು ಹೆಸರುಗಳಷ್ಟೇ ಬಂದವು. ತರಗತಿಯಲ್ಲಿ ತೋರಿಸಿದ ದಿನ, ಕಂಬದ ಬುಡದಿಂದ ಕ್ಯಾಮೆರಾ ಮೇಲೇರುವ ದೃಶ್ಯವನ್ನು ಟೀಚರ್ ನಿಲ್ಲಿಸಿ ಮತ್ತೆ ಹಾಕಿದರು. "ಇಲ್ಲಿ ನೋಡಿ, ಏನೂ ಆಗುತ್ತಿಲ್ಲ, ಆದರೂ ಎದೆ ಬಿಗಿಯುತ್ತದೆ. ಇದನ್ನು ತೆಗೆದವರಿಗೆ ಆ ಕಂಬವೆಂದರೆ ಪ್ರೀತಿ" ಎಂದರು. ಇಡೀ ತರಗತಿ ನಮ್ಮ ಕಡೆ ತಿರುಗಿತು. ನಾನು ಮೇಜು ನೋಡಿದೆ.

ವಿಮರ್ಶೆಯಲ್ಲಿ 'ಮತ್ತೊಮ್ಮೆ ಮಾಡಿದರೆ ಏನನ್ನು ಬೇರೆ ರೀತಿ ಮಾಡುತ್ತೀರಿ?' ಎಂಬ ಪ್ರಶ್ನೆಯಿತ್ತು. ಮುಂಚಿತವಾಗಿ ಅನುಮತಿ ಪಡೆಯುತ್ತೇವೆ, ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳುತ್ತೇವೆ, ತೊರೆಯ ಸದ್ದನ್ನು ಬೇರೆಯಾಗಿ ಹಿಡಿಯುತ್ತೇವೆ ಎಂದು ಅಚ್ಚುಕಟ್ಟಾಗಿ ಬರೆದೆ. ಒಳ್ಳೆಯ ಗ್ರೇಡು ಬಂತು.

ಆ ಗ್ರೇಡಿನ ಹಾಳೆಯೇ ನನ್ನನ್ನು ಕೆಳಗಿನ ಮನೆಗೆ ಎಳೆದುಕೊಂಡು ಹೋದದ್ದು. ಅಮ್ಮ ಅದನ್ನು ಹೆಮ್ಮೆಯಿಂದ ಫ್ರಿಜ್ಜಿಗೆ ಅಂಟಿಸಿದ್ದರು. ನೀರು ಕುಡಿಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಜೂನ್ ತಿಂಗಳಲ್ಲಿ, ಶಾಲೆ ಮುಗಿದ ವಾರ, ಇಳಿದು ಹೋದೆ. ಕಾಕು ಮನೆಯಲ್ಲಿರಲಿಲ್ಲ. ಕಾಕಾ ಬಾಲ್ಕನಿಯಲ್ಲಿ ಕುಂಡದ ಮೆಂತ್ಯೆಸೊಪ್ಪು ಕೀಳುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಪೊಲೀಸಿನವನಿಗೆ ಹೇಳಿದ್ದು, ಗ್ರೇಸ್‌ಗೆ ಹೇಳಿದ್ದು, ವಿಮರ್ಶೆಯಲ್ಲಿ ಬರೆದದ್ದು, ಬರೆಯದೆ ಬಿಟ್ಟದ್ದು. ಅವರು ಕೀಳುವುದನ್ನು ನಿಲ್ಲಿಸಲಿಲ್ಲ.

"ಮೊದಲನೇದು ನನಗ ಗೊತ್ತದಲ್ಲ" ಎಂದರು. "ನಾ ಅಲ್ಲೇ ನಿಂತಿದ್ದೆ. ಕಿವಿ ಚಲೋ ಅದಾವ ನನ್ನವು."

"ಹಾಗಾದ್ರೆ ಅಮ್ಮನಿಗೆ ಯಾಕೆ ಹಾಗೆ ಹೇಳಿದ್ರಿ? ಧೈರ್ಯದೋಳು ಅಂತ?"

"ಮತ್ತೇನ ಹೇಳಬೇಕಿತ್ತು? ನಿನಗ ಆಗಲೇ ಸಾಕಾಗಿತ್ತು. ಮಾರಿ ನೋಡಿದ್ರ ಗೊತ್ತಾಗ್ತಿತ್ತು."

ನಾನು ಕೇಳಿದೆ: "ಆ ಸೇತುವೆ ಕೆಲಸ ಮಾಡಿದ್ದು ನೀವೇ ಅಂತ ಯಾಕೆ ಹೇಳ್ಲಿಲ್ಲ ಕಾಕಾ? ಹೇಳಿದ್ರೆ ಅವರು ಆಗ್ಲೇ ಬಿಡ್ತಿದ್ರು."

ಅವರು ಸೊಪ್ಪನ್ನು ಮಡಿಲಿನ ಟವೆಲ್ಲಿಗೆ ಹಾಕಿಕೊಂಡರು. "ನಾಲಿಗಿ ತುದಿಗೆ ಬಂದಿತ್ತು. ತಡದೆ. ಕಂಬ ಹೆಂಗ ನಿಂತದ ಅನ್ನೋದು ಗೊತ್ತಿದ್ದವಗ, ಹೆಂಗ ಬೀಳತದ ಅನ್ನೋದೂ ಗೊತ್ತಿರತದ. ಆ ವಿಚಾರ ಅವನ ತಲಿಗೆ ಹೊಳದ್ರ? ನೀವು ಮೂರು ಮಂದಿ ಹುಡುಗ್ರು ನನ್ನ ಜೋಡಿ ಇದ್ರಿ." ಆಮೇಲೆ ನನ್ನ ಕಡೆ ನೋಡಿದರು. "ಸಿಟ್ಟು ಬಂದಿತ್ತು, ಸುಳ್ಳು ಹೇಳೂದಿಲ್ಲ. ನಿನ್ನ ಮ್ಯಾಲ ಎರಡು ದಿವಸ ಇತ್ತು. ಆ ಕಂಬದ ಮುಂದ ಕೈ ಎತ್ತಿ ನಿಂತಿದ್ದು ಮಾತ್ರ ಇನ್ನೂ ಹೋಗಿಲ್ಲ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಅಳಬೇಡವೆಂದೂ ಹೇಳಲಿಲ್ಲ. ಅತ್ತು ಮುಗಿಯುವ ತನಕ ಸೊಪ್ಪು ಸೋಸಿದರು. ಆಮೇಲೆ ಒಳಗೆ ಹೋಗಿ ಸೂಟ್‌ಕೇಸು ತೆಗೆದು, ಸೀರೆ ಬಿಡಿಸಿ, ಕ್ಯಾಮೆರಾ ತಂದು ಮೇಜಿನ ಮೇಲಿಟ್ಟರು.

"ಈ ವರ್ಷದ ಗಣಪತಿಗೆ ನೀನ ತಗಿ. ನಾ ಹಿಡಿಯಂಗಿಲ್ಲ. ಆದ್ರ ಯಾರೂ ತಗೀದ ಇರಬಾರದು. ಹುಡುಗ್ರು ದೊಡ್ಡವಾಗಿಬಿಡತಾವ."

ಹತ್ತಿರದ ಊರು ಕರ್ಕ್‌ಲ್ಯಾಂಡಿನ ಒಂದು ಸಭಾಂಗಣದಲ್ಲಿ ಆ ವರ್ಷದ ಗಣೇಶ. ನಾನು ಮೂಲೆಯಲ್ಲಿ ನಿಂತು ಹತ್ತು ಹತ್ತು ಎಣಿಸುತ್ತ ತೆಗೆದೆ. ಮಂಗಳಾರತಿ ಮುಗಿದಾಗ ಟೇಪಿನಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದಿತ್ತು. ಕ್ಯಾಮೆರಾವನ್ನು ಕಾಕಾ ಅವರ ಕಡೆ ತಿರುಗಿಸಿದೆ. ಅವರು ಊಟದ ಸಾಲಿಗೆ ಕುರ್ಚಿಗಳನ್ನು ಜೋಡಿಸುತ್ತಿದ್ದರು. ಒಂದು ಕುರ್ಚಿ ಅಲುಗಾಡಿತು. ಬಗ್ಗಿ ಅದರ ಕಾಲು ನೋಡಿದರು, ಮುದುಕರಿಗೆ ಇದನ್ನು ಕೊಡಬೇಡಿ ಎಂದು ಯಾರಿಗೋ ಹೇಳಿದರು, ತಾವೇ ಒಂದು ಕಾಗದ ಮಡಿಚಿ ಕಾಲಿನ ಕೆಳಗೆ ಕೊಟ್ಟರು. ಆಮೇಲೆ ನನ್ನನ್ನು ಕಂಡು ಕೈ ಬೀಸಿದರು. "ಏ ತಂಗಿ, ನನ್ನ ಯಾಕ ತಗೀತಿ? ಗಣಪ್ಪನ ಕಡಿ ತಿರುಗು!" ನಾನು ತಿರುಗಲಿಲ್ಲ. ಟೇಪು ಮುಗಿಯುವವರೆಗೆ ಹನ್ನೊಂದು ನಿಮಿಷ ಅವರನ್ನೇ ತೆಗೆದೆ.

ಅದಾದ ನಾಲ್ಕನೆಯ ವರ್ಷ, ನಾನು ನಗರದ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಎಂಬ ಬಡಾವಣೆಯಲ್ಲಿದ್ದು ಓದುತ್ತಿದ್ದಾಗ, ಒಂದು ಬೆಳಿಗ್ಗೆ ಅಮ್ಮನ ಕಾಲ್ ಬಂತು. ಕಾಕಾ ಆಫೀಸಿಗೆ ಹೊರಡಲು ಬೂಟಿನ ದಾರ ಕಟ್ಟಿಕೊಳ್ಳುತ್ತ ಕೂತವರು ಏಳಲೇ ಇಲ್ಲವಂತೆ. ಎರಡು ಬಸ್ಸು ಬದಲಿಸಿ ನ್ಯೂಕ್ಯಾಸಲ್ ಮುಟ್ಟಿದೆ. ಆ ದಾರಿಯಲ್ಲಿ ಎಷ್ಟು ಸೇತುವೆಗಳಿವೆಯೆಂದು ಅಂದೇ ನನಗೆ ತಿಳಿದದ್ದು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಕಾಕು ನನ್ನನ್ನು ಕರೆದು, "ಅವರು ಮಾತಾಡೋದು ಒಮ್ಮೆ ನೋಡಬೇಕನಸತದ. ಅವರದೊಂದು ಟೇಪ್ ಹುಡುಕಿಕೊಡು" ಎಂದರು. ಎರಡು ಪೆಟ್ಟಿಗೆ ತುಂಬ ಟೇಪುಗಳಿದ್ದವು. ನಾನೂ ಅಮ್ಮನೂ ಮೂರು ದಿನ ಓಡಿಸಿ ಓಡಿಸಿ, ನಡುನಡುವೆ ನಿಲ್ಲಿಸಿ ನೋಡಿದೆವು. ಎಲ್ಲದರಲ್ಲೂ ಅವರ ದನಿಯಿತ್ತು, "ನಿಂದ್ರಿ ನಿಂದ್ರಿ, ಹಾಂ, ಈಗ ಬರ್ರಿ" ಎಂದು. ಮುಖ ಒಂದರಲ್ಲೂ ಇರಲಿಲ್ಲ. ಇದ್ದದ್ದು ನನ್ನ ಹಾಸ್ಟೆಲ್ ಕೋಣೆಯಲ್ಲಿದ್ದ ಆ ಗಣೇಶನ ಟೇಪಿನಲ್ಲಿ ಮಾತ್ರ. ತಂದು ಟೀವಿಗೆ ಜೋಡಿಸಿದೆ.

ಕಾಕು ನೆಲದ ಮೇಲೆ, ಟೀವಿಗೆ ಬಹಳ ಹತ್ತಿರ ಕೂತು ನೋಡಿದರು. ಕುರ್ಚಿ ಜೋಡಿಸುವುದು, ಬಗ್ಗುವುದು, ಕಾಗದ ಮಡಿಚುವುದು. "ನನ್ನ ಯಾಕ ತಗೀತಿ" ಎಂದಾಗ ನಕ್ಕೇಬಿಟ್ಟರು. ಮುಗಿದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಇದೊಂದರ ತಗದಿಟ್ಟಿಯಲ್ಲ, ದೇವರು ನಿನ್ನ ಚಲೋ ಇಡ್ಲಿ" ಎಂದರು.

ಆ ಆಶೀರ್ವಾದವನ್ನು ಹಾಗೇ ತೆಗೆದುಕೊಂಡು ಎದ್ದು ಹೋಗಲು ನನ್ನಿಂದಾಗಲಿಲ್ಲ. ಸೇತುವೆಯ ಕೆಳಗೆ ನಾನು ಆಡಿದ ಮಾತನ್ನು ಹೇಳಿದೆ. ಕಾಕಾ ಆ ಮಾತನ್ನು ಕಾಕುವಿಗೆ ಹೇಳಿರಲಿಲ್ಲವೆಂದು ಅವರ ಮುಖ ನೋಡಿಯೇ ತಿಳಿಯಿತು. ಕೈ ನನ್ನ ತಲೆಯಿಂದ ಇಳಿಯಿತು.

"ಬರೇ ಕಾರು ಹೊಡಕೊಂಡು ಬಂದಾರ ಅಂದಿ?"

"ಹೂಂ ಕಾಕು."

"ಆ ಇಬ್ಬರು ಬಂದು ಇಲ್ಲಿ ಕುಂತಾಗ ನಾ ಒಳಗ ಏನ್ ಮಾಡ್ಲಿಕ್ಕತ್ತಿದ್ದೆ ಗೊತ್ತೇನು? ಇವರನ್ನ ಕರಕೊಂಡು ಹೋಗ್ತಾರಂತ ತಿಳದು ಒಂದು ಚೀಲದಾಗ ಸ್ವೆಟರು, ಬಿ.ಪಿ. ಗುಳಿಗಿ, ಎರಡು ರೊಟ್ಟಿ ಇಡ್ಲಿಕ್ಕತ್ತಿದ್ದೆ. ಆ ಚೀಲಾ ಒಂದು ವರ್ಷ ಬಾಗಿಲ ಹಿಂದ ಇತ್ತು. ದಿನಾ ರೊಟ್ಟಿ ಬದಲಸತಿದ್ದೆ."

ನಾನು ಎದ್ದು ಟೀವಿ ಆರಿಸಿದೆ.

"ಅವರು ಅದನ್ನ ಮನಸ್ಸಿನಾಗ ಇಟ್ಟುಕೊಂಡಿರಲಿಕ್ಕಿಲ್ಲ. ಅವರ ಸ್ವಭಾವನ ಹಂಗ" ಎಂದರು ಕಾಕು. "ನನಗ ಆಗೂದಿಲ್ಲ. ಸ್ವಲ್ಪ ದಿವಸ ಬೇಕು. ಈಗ ಹೋಗು."

ಟೇಪನ್ನು ಅಲ್ಲೇ ಬಿಟ್ಟು ಹೋದೆ. ಮೂರು ವಾರ ಯಾವ ಸುದ್ದಿಯೂ ಇಲ್ಲ. ನಾಲ್ಕನೆಯ ವಾರ ಕಾಕು ಅವರ ಫೋನು ಬಂತು. ಹೇಗಿದ್ದೀಯಾ ಎಂದೂ ಕೇಳಲಿಲ್ಲ. "ಈ ಟೇಪುಗೋಳು ಹಂಗ ಬಿಟ್ರ ಕೆಡತಾವಂತ, ಕಂಪ್ಯೂಟರಿಗೆ ಹಾಕಿಡಬೇಕಂತ. ನನಗ ಬರಂಗಿಲ್ಲ. ಶನಿವಾರ ಬಾ" ಎಂದರು.

ಹೋದೆ. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು, ಅವಸರ ಮಾಡುವಂತಿಲ್ಲ. ಶನಿವಾರಕ್ಕೆ ನಾಲ್ಕೈದು ಟೇಪು. ಮೊದಮೊದಲು ಕಾಕು ಅಡಿಗೆಮನೆಯಲ್ಲೇ ಇರುತ್ತಿದ್ದರು. ಆಮೇಲೆ ಬಾಗಿಲಿಗೆ ಬಂದು ನಿಂತು ನೋಡತೊಡಗಿದರು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಇದು ಯಾರ ಮನೆ, ಆ ಕೂಸು ಈಗ ಎಲ್ಲಿದೆ, ಈ ಪೂಜೆಯ ದಿನ ಕಾಕಾ ಏನು ತಮಾಷೆ ಮಾಡಿದ್ದರು ಎಂದೆಲ್ಲ ಹೇಳಿದರು. ನಾನು ಬರೆದುಕೊಂಡೆ. ಒಂದು ಇಡೀ ವರ್ಷ ಹೀಗೆ ಸಾಗಿತು. ಸಿನಿಮಾ ತೆಗೆಯುವುದನ್ನು ನಾನು ಮುಂದೆ ಕೆಲಸವಾಗಿ ಮಾಡಲಿಲ್ಲ. ಆದರೆ ಒಬ್ಬ ಮನುಷ್ಯ ಹತ್ತು ವರ್ಷ ತನ್ನವರನ್ನು ಹೇಗೆ ನೋಡಿದ ಎಂಬುದನ್ನು ಅವನದೇ ಕಣ್ಣಿನಿಂದ ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ನನಗೆ ಇಂದು ಬರೆಯಲು ಬರುವುದೇನಾದರೂ ಇದ್ದರೆ ಆ ಶನಿವಾರಗಳಿಂದ ಬಂದದ್ದು.

ಕ್ಷಮಿಸಿದ್ದೇನೆಂದು ಕಾಕು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೊನೆಯ ಟೇಪು ಇಳಿದ ದಿನ, ವೈರುಗಳನ್ನು ಸುತ್ತಿ, ಪೆಟ್ಟಿಗೆಗಳನ್ನು ಕಪಾಟಿಗೆ ಸೇರಿಸಿ, ಬಸ್ಸಿಗೆ ಹೊತ್ತಾಯಿತೆಂದು ಕೋಟು ಹಾಕಿಕೊಂಡೆ.

"ಮುಂದಿನ ಶನಿವಾರ ಎಷ್ಟಕ್ಕ ಬರ್ತಿ?" ಎಂದರು ಕಾಕು.

"ಟೇಪೆಲ್ಲ ಮುಗೀತು ಕಾಕು."

"ಟೇಪ್ ಮುಗದ್ರ ಏನಾತು? ಊಟಕ್ಕ ಬಾ."